ವರ್ತಕರ ಸಭೆ: ಒಳಗೆ ಮಾತು, ಹೊರಗೆ ಶಾಸನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಪೇಟೆಗಳಲ್ಲಿ ನಡೆಯುವ ಕೃಷಿ ಉತ್ಪನ್ನಗಳ ವ್ಯಾಪಾರವು ಹೊರನೋಟಕ್ಕೆ ಸರಕು, ತೂಕ ಮತ್ತು ಧಾರಣೆಗಳ ವ್ಯವಹಾರವಾಗಿ ಕಂಡರೂ ಅದರ ತಳಹದಿ ಇರುವುದು ಉದ್ರಿಯಲ್ಲಿ, ಅಂದರೆ ಇಂದು ಕೈಬದಲಾದ ಸರಕಿನ ಹಣ ಕೆಲವು ದಿನ ಅಥವಾ ಕೆಲವು ವಾರಗಳ ಅನಂತರ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ. ಯಾರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ತಿಳಿವಳಿಕೆ ಯಾವ ಸರ್ಕಾರಿ ದಾಖಲೆಯಲ್ಲಿಯೂ ಸಿಗುವುದಿಲ್ಲ. ಅದು ಪೇಟೆಯ ಹತ್ತಾರು ವರ್ತಕರ ಕಿರ್ದಿ ಖಾತೆಗಳಲ್ಲಿ ಮತ್ತು ಅವರ ಅನುಭವದಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಆ ಚೂರುಗಳನ್ನು ಒಂದೆಡೆ ಕೂಡಿಸಲು ವರ್ತಕರು ಸಂಘ ಕಟ್ಟಿಕೊಳ್ಳುತ್ತಾರೆ ಮತ್ತು ಸದಸ್ಯರಲ್ಲದವರಿಗೆ ಪ್ರವೇಶವಿಲ್ಲದ ಸಭೆ ಅಂತಹ ಸಂಘಕ್ಕೆ ಅಗತ್ಯವಾಗುತ್ತದೆ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ವರ್ತಕರು ಸೇರಿದಾಗಲೆಲ್ಲ ಸರಕು ತಂದ ರೈತನಿಗೂ ಅದನ್ನು ಕೊಳ್ಳುವ ಗಿರಾಕಿಗೂ ಸಂದೇಹ ಹುಟ್ಟುವುದು ಸಹಜ. ಅಲ್ಲಿ ಏನನ್ನು ಆಡಬೇಕು, ಏನನ್ನು ಆಡಬಾರದು, ಆಡಿದ್ದರಲ್ಲಿ ಯಾವುದನ್ನು ಊರಿಗೆ ತಿಳಿಸಬೇಕು ಎಂಬ ಪ್ರಶ್ನೆಗಳು ಇಂದಿನವಲ್ಲ. ಕನ್ನಡ ನಾಡಿನ ವರ್ತಕರೂ ಧರ್ಮಶಾಸ್ತ್ರಕಾರರೂ ಸುಮಾರು ಸಾವಿರ ವರ್ಷಗಳ ಹಿಂದೆಯೇ ಇವುಗಳನ್ನು ಎದುರಿಸಿ, ಇಂದಿಗೂ ಬಳಕೆಗೆ ಬರುವ ಉತ್ತರಗಳನ್ನು ಬಿಟ್ಟುಹೋಗಿದ್ದಾರೆ.

ನಾಲ್ಕು ಪೇಟೆಗಳ ಸ್ವರೂಪ

ಚಿತ್ರದುರ್ಗದ ಸೀಮೆ ಮಳೆ ಕಡಿಮೆಯ ನೆಲವಾದರೂ ದಾರಿಗಳು ಕೂಡುವ ನೆಲ. ದುರ್ಗದ ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿಯೂ ನಡೆಸಿದ ಉತ್ಖನನಗಳು ಸಾತವಾಹನರ ಕಾಲದ ನೆಲೆಯೊಂದನ್ನು ಬೆಳಕಿಗೆ ತಂದವು. ಅಲ್ಲಿ ದೊರೆತ ರೋಮನ್ ನಾಣ್ಯಗಳು ಈ ಒಳನಾಡು ಎರಡು ಸಾವಿರ ವರ್ಷಗಳ ಹಿಂದೆಯೇ ದೂರದ ವ್ಯಾಪಾರದೊಡನೆ ಬೆಸೆದುಕೊಂಡಿತ್ತೆಂಬುದಕ್ಕೆ ಸಾಕ್ಷಿಯಾಗಿವೆ. ಇಂದು ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ, ಹಿರಿಯೂರಿನಲ್ಲಿ ಬಳ್ಳಾರಿಯ ದಾರಿ ಕವಲೊಡೆಯುತ್ತದೆ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಚಿತ್ರದುರ್ಗ ಮತ್ತು ರಾಯದುರ್ಗಗಳ ಕಡೆಗೆ ಹೋಗುವ ಮಾರ್ಗ ಬೇರೆಯಾಗುತ್ತದೆ.

ಬೆಳೆಗಳೂ ಊರಿನಿಂದ ಊರಿಗೆ ಬೇರೆಯಾಗುತ್ತವೆ. ಚಿತ್ರದುರ್ಗ ಮತ್ತು ಹಿರಿಯೂರಿನ ಸುತ್ತ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಮತ್ತು ಹತ್ತಿ, ಹೊಸದುರ್ಗದಲ್ಲಿ ತೆಂಗು ಮತ್ತು ದಾಳಿಂಬೆ, ಹೊಳಲ್ಕೆರೆಯಲ್ಲಿ ಅಡಿಕೆ ಮತ್ತು ಮೆಕ್ಕೆಜೋಳ ಮುಖ್ಯವಾಗಿದ್ದು, ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವಂತೂ ಅಡಿಕೆ ವಹಿವಾಟಿಗೆ ನಾಡಿನಲ್ಲೆಲ್ಲ ಹೆಸರಾಗಿದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು ಹಿರಿಯೂರಿನ ಬಯಲಿಗೆ ನೀರು ಕೊಟ್ಟಿತಾದರೂ, ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬ ಒಂದೇ ಸಂಗತಿ ಈ ಸೀಮೆಯ ಬೇಸಾಯ ಎಷ್ಟು ಅನಿಶ್ಚಿತವೆಂಬುದನ್ನು ತಿಳಿಸುತ್ತದೆ. ಬೆಳೆ ಅನಿಶ್ಚಿತವಾದಲ್ಲಿ ಆವಕ, ಅಂದರೆ ಪೇಟೆಗೆ ಬರುವ ಸರಕಿನ ಪ್ರಮಾಣ, ಅನಿಶ್ಚಿತವಾಗುತ್ತದೆ. ಆವಕ ಏರುಪೇರಾದ ವರ್ಷದಲ್ಲಿ ಉದ್ರಿಯ ಲೆಕ್ಕಗಳೆಲ್ಲ ಏರುಪೇರಾಗುತ್ತವೆ.

ಉದ್ರಿಯ ಸರಪಳಿ

ಕರ್ನಾಟಕದ ನಿಯಂತ್ರಿತ ಮಾರುಕಟ್ಟೆಗಳಿಗೆ ಆಧಾರವಾಗಿರುವುದು 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ. ಆ ಕಾಯ್ದೆಯಂತೆ ರಚನೆಯಾಗುವ ಮಾರುಕಟ್ಟೆ ಸಮಿತಿಯಲ್ಲಿ, ಅಂದರೆ ಜನರು ಎಪಿಎಂಸಿ ಎಂದು ಕರೆಯುವ ಸಂಸ್ಥೆಯಲ್ಲಿ, ರೈತ ಪ್ರತಿನಿಧಿಗಳೇ ಬಹುಸಂಖ್ಯಾತರಾಗಿದ್ದು ವರ್ತಕರಿಗೂ ಪ್ರಾತಿನಿಧ್ಯವಿದೆ. ಪ್ರಾಂಗಣದ ವ್ಯವಹಾರದಲ್ಲಿ ಎದುರುಬದುರಾಗುವವರು ಮೂವರು. ರೈತನು ಸರಕನ್ನು ತಂದು ದಲಾಲಿ ಮಂಡಿಯಲ್ಲಿ ಇಳಿಸುತ್ತಾನೆ. ಮಂಡಿಯ ದಲಾಲರು, ಅಂದರೆ ಕಮಿಷನ್ ಏಜೆಂಟರು, ರೈತನ ಪರವಾಗಿ ಅದನ್ನು ಮಾರಾಟಕ್ಕೆ ಇಡುತ್ತಾರೆ. ಖರೀದಿದಾರರು ಸರಕನ್ನು ಕೈಯಲ್ಲಿ ಹಿಡಿದು ನೋಡಿ ದರ ನಮೂದಿಸುತ್ತಾರೆ. ಇವರ ನಡುವೆ ಸರಕನ್ನು ಇಳಿಸಿ ಏರಿಸುವ ಹಮಾಲರೂ ತೂಕ ಮಾಡುವವರೂ ಇದ್ದಾರೆ.

ರೈತನಿಗೆ ಹಣ ತಡವಿಲ್ಲದೆ ಸಲ್ಲಬೇಕು ಎಂಬುದು ನಿಯಮ. ಆದರೆ ಸರಕು ಕೊಂಡ ಖರೀದಿದಾರನು ಅದನ್ನು ಎಣ್ಣೆ ಮಿಲ್ಲಿಗೋ ದೂರದ ಊರಿನ ಸಗಟು ವ್ಯಾಪಾರಿಗೋ ಕಳುಹಿಸಿ, ಅಲ್ಲಿಂದ ಹಣ ಬಂದ ಮೇಲೆ ಮಂಡಿಗೆ ಪಾವತಿ ಮಾಡುವುದು ವಾಡಿಕೆಯಾಗಿರುವುದರಿಂದ, ಈ ಎರಡು ದಿನಾಂಕಗಳ ನಡುವಿನ ಭಾರವನ್ನು ಮಂಡಿಯವರು ತಮ್ಮ ಬಂಡವಾಳದಿಂದ ಹೊರಬೇಕಾಗುತ್ತದೆ. ಖರೀದಿದಾರನೊಬ್ಬ ಕೈಯೆತ್ತಿದರೆ ಮೊದಲ ಪೆಟ್ಟು ಬೀಳುವುದು ಮಂಡಿಗೆ, ಎರಡನೆಯದು ಆ ಮಂಡಿಯನ್ನು ನಂಬಿ ಸರಕು ಇಳಿಸಿದ ರೈತನಿಗೆ. ಒಬ್ಬನೇ ಖರೀದಿದಾರನು ಚಿತ್ರದುರ್ಗದಲ್ಲಿ ಶೇಂಗಾ, ಭೀಮಸಮುದ್ರದಲ್ಲಿ ಅಡಿಕೆ, ಹೊಸದುರ್ಗದಲ್ಲಿ ಕೊಬ್ಬರಿ ಕೊಂಡು ಮೂರು ಕಡೆಯೂ ಬಾಕಿ ಉಳಿಸಿಕೊಂಡಿದ್ದಾನೆಂದು ಭಾವಿಸಿದರೆ, ಪ್ರತಿಯೊಂದು ಮಂಡಿಗೂ ಅದು ತನ್ನೊಬ್ಬನ ಸಣ್ಣ ಬಾಕಿಯಾಗಿ ಮಾತ್ರ ಕಾಣುತ್ತದೆ. ಮೂರು ಬಾಕಿಗಳನ್ನು ಕೂಡಿಸಿ ನೋಡಿದಾಗ ಮಾತ್ರ ಅಪಾಯದ ಪ್ರಮಾಣ ತಿಳಿಯುತ್ತದೆ, ಮತ್ತು ಹಾಗೆ ಕೂಡಿಸಿ ನೋಡುವ ಸ್ಥಳವೇ ಸಂಘದ ಸಭೆ.

ಇಂತಹ ಮಾತು ಬೀದಿಯಲ್ಲಿ ಆಡುವಂತಹದಲ್ಲ. ಲಾರಿ ತಡವಾದ ಕಾರಣಕ್ಕೆ ಒಂದು ವಾರ ಹಿಂದೆಬಿದ್ದ ವರ್ತಕನ ಹೆಸರು ಪೇಟೆಯಲ್ಲಿ ಹರಡಿದರೆ, ಅವನಿಂದ ಹಣ ಬರಬೇಕಾದವರೆಲ್ಲ ಒಮ್ಮೆಗೇ ವಸೂಲಿಗೆ ನಿಂತು, ಉಳಿಯಬಹುದಾಗಿದ್ದ ಅಂಗಡಿಯೂ ಮುಳುಗುತ್ತದೆ. ಗುಣಮಟ್ಟದ ವ್ಯಾಜ್ಯಗಳದೂ ಇದೇ ಸ್ಥಿತಿ. ಚಿತ್ರದುರ್ಗದ ಪೇಟೆಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂಬ ವರ್ಗಗಳಾಗಿ ವಿಂಗಡಿಸಿ ಮಾರುತ್ತಾರೆ. ಒಂದು ವರ್ಗದ ಚೀಲದಲ್ಲಿ ಇನ್ನೊಂದು ವರ್ಗ ಬೆರೆತಿದೆಯೇ, ಸರಕು ಸಾಕಷ್ಟು ಒಣಗಿದೆಯೇ ಎಂಬ ವಿವಾದವನ್ನು ಸರಕು ಬಲ್ಲ ಹಿರಿಯ ವರ್ತಕರು ಒಂದು ಸಂಜೆಯಲ್ಲಿ ತೀರಿಸಬಲ್ಲರು, ಅದೇ ನ್ಯಾಯಾಲಯಕ್ಕೆ ಹೋದರೆ ಸರಕು ಹಾಳಾಗುವಷ್ಟು ಕಾಲ ಹಿಡಿಯುತ್ತದೆ. ಸಾಲ, ಸರಕು ಮತ್ತು ಸಮಾಧಾನ ಈ ಮೂರು ವಿಷಯಗಳಿಗಾಗಿ ಸದಸ್ಯರು ಮಾತ್ರ ಕೂಡುವ ಸಭೆ ಬೇಕು ಎಂಬುದನ್ನು ಒಪ್ಪಲೇಬೇಕು.

ಅಯ್ಯಾವೊಳೆಯ ಐನೂರ್ವರು

ಇಂತಹ ಸಭೆಯ ಅತ್ಯಂತ ದೊಡ್ಡ ಮಾದರಿ ಕನ್ನಡ ನಾಡಿನಲ್ಲಿಯೇ ಹುಟ್ಟಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹಳೆಯ ಹೆಸರು ಅಯ್ಯಾವೊಳೆ; ಆ ಊರನ್ನು ಮೂಲವೆಂದು ಹೇಳಿಕೊಂಡ ‘ಐನೂರ್ವರು’ ಎಂಬ ವರ್ತಕ ಸಂಘವು ದಕ್ಷಿಣ ಭಾರತದಲ್ಲೆಲ್ಲ ಹರಡಿ ಶ್ರೀಲಂಕೆಯವರೆಗೂ ಹೋಯಿತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರು ಇದೆ ಎಂಬುದರಿಂದ ಈ ಸಂಘಟನೆಯ ವ್ಯಾಪ್ತಿಯನ್ನು ಊಹಿಸಬಹುದು. ತಾವು ಪಾಲಿಸುವ ಕಟ್ಟಳೆಗೆ ಅವರು ‘ವೀರಬಣಂಜು ಧರ್ಮ’ ಎಂದು ಹೆಸರಿಟ್ಟಿದ್ದರು. ಒಂದೇ ಊರಿನ ಅಂಗಡಿಕಾರರ ಸಂಘಕ್ಕೆ ‘ನಕರ’ ಎಂದೂ, ಹಲವು ನಾಡುಗಳಲ್ಲಿ ತಿರುಗುವ ವರ್ತಕರಿಗೆ ‘ನಾನಾದೇಸಿ’ ಎಂದೂ, ಪೇಟೆಯ ಮುಖ್ಯಸ್ಥನಿಗೆ ‘ಪಟ್ಟಣಸ್ವಾಮಿ’ ಎಂದೂ ಶಾಸನಗಳಲ್ಲಿ ಹೆಸರುಗಳಿವೆ. ಎಣ್ಣೆ ತೆಗೆಯುವ ತೆಲ್ಲಿಗರಂತಹ ಕಸುಬುದಾರರೂ ತಮ್ಮದೇ ಸಂಘಗಳನ್ನು ಹೊಂದಿದ್ದರು.

ಈ ಸಂಘಗಳು ಒಳಗೆ ಏನನ್ನು ಚರ್ಚಿಸಿದವು ಎಂಬುದನ್ನು ಶಾಸನಗಳು ಹೇಳುವುದಿಲ್ಲ, ಆದರೆ ಏನನ್ನು ತೀರ್ಮಾನಿಸಿದವು ಎಂಬುದನ್ನು ಬಹಳ ಸ್ಪಷ್ಟವಾಗಿ ಹೇಳುತ್ತವೆ. ಒಂದು ಹೇರಿಗೆ ಎಷ್ಟು, ಒಂದು ಅಂಗಡಿಗೆ ಎಷ್ಟು, ಒಂದು ಗಾಣಕ್ಕೆ ಎಷ್ಟು ಎಂದು ತಮ್ಮ ಮೇಲೆ ತಾವೇ ವಿಧಿಸಿಕೊಂಡ ತೆರಿಗೆಯನ್ನು ದೇವಾಲಯಕ್ಕೆ, ಕೆರೆಗೆ ಅಥವಾ ಮಠಕ್ಕೆ ಬಿಟ್ಟುಕೊಟ್ಟ ವಿವರವನ್ನು, ಕೊಟ್ಟವರ ಹೆಸರು ಮತ್ತು ದಿನದ ಸಮೇತ ಕಲ್ಲಿನಲ್ಲಿ ಕೆತ್ತಿಸಿ, ಊರಿನವರೆಲ್ಲ ಓಡಾಡುವ ದೇವಾಲಯದ ಆವರಣದಲ್ಲಿ ನಿಲ್ಲಿಸುತ್ತಿದ್ದರು. ಚರ್ಚೆ ಸದಸ್ಯರದು, ತೀರ್ಮಾನ ಊರಿನದು ಎಂಬ ಈ ವಿಭಜನೆಯೇ ಅವರ ಅಧಿಕಾರಕ್ಕೆ ಮಾನ್ಯತೆ ತಂದುಕೊಟ್ಟಿತು ಎಂದು ಹೇಳಬಹುದು. ಅರಸುಮನೆತನಗಳು ಬದಲಾದರೂ ಐನೂರ್ವರ ಹೆಸರು ಶತಮಾನಗಳ ಕಾಲ ಉಳಿದುಬಂದುದರಲ್ಲಿ, ತಾವು ಒಪ್ಪಿಕೊಂಡ ಹೊಣೆಯನ್ನು ಮರೆಯಲಾಗದಂತೆ ಬಯಲಿನಲ್ಲಿ ಬರೆದಿಟ್ಟ ಈ ಪದ್ಧತಿಯ ಪಾಲೂ ಇದೆ.

ಮಿತಾಕ್ಷರೆಯ ಎರಡು ವಿಧಿಗಳು

ಐನೂರ್ವರು ಪ್ರಬಲರಾಗಿದ್ದ ಕಾಲದಲ್ಲಿಯೇ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಹಂಚಿಕೆಗೆ ಆಧಾರವಾದ ಗ್ರಂಥವೆಂದು ಅದು ಪ್ರಸಿದ್ಧವಾಗಿದ್ದರೂ, ವರ್ತಕರ ಸಂಘಗಳ ಬಗೆಗೆ ಅದರಲ್ಲಿರುವ ವಿಚಾರ ಸಾಮಾನ್ಯ ಓದುಗರ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

ಅಲ್ಲಿ ‘ಸಂವಿದ್ವ್ಯತಿಕ್ರಮ’ ಎಂಬ ಪ್ರಕರಣವಿದೆ. ಸಂವಿದ್ ಎಂದರೆ ಗುಂಪಿನವರು ಕೂಡಿ ಮಾಡಿಕೊಂಡ ಕಟ್ಟುಪಾಡು, ವ್ಯತಿಕ್ರಮ ಎಂದರೆ ಅದನ್ನು ಮೀರುವುದು. ಒಂದೇ ಸರಕು ಅಥವಾ ಒಂದೇ ಕಸುಬಿನಿಂದ ಬದುಕುವವರ ಸಂಘಗಳಾದ ಶ್ರೇಣಿಗಳು ಧರ್ಮಕ್ಕೆ ವಿರೋಧವಲ್ಲದ ಕಟ್ಟುಪಾಡುಗಳನ್ನು ಮಾಡಿಕೊಂಡರೆ ಅರಸನು ಅವುಗಳನ್ನು ರಕ್ಷಿಸಬೇಕು, ಸಂಘದ ಹಣವನ್ನು ಅಪಹರಿಸಿದವನನ್ನೂ ಕಟ್ಟುಪಾಡು ಮುರಿದವನನ್ನೂ ಕಠಿಣವಾಗಿ ಶಿಕ್ಷಿಸಬೇಕು, ಸಂಘದ ವ್ಯವಹಾರವನ್ನು ನೋಡಿಕೊಳ್ಳುವ ‘ಕಾರ್ಯಚಿಂತಕ’ರು ಧರ್ಮ ಬಲ್ಲವರೂ ಶುದ್ಧರೂ ಲೋಭವಿಲ್ಲದವರೂ ಆಗಿರಬೇಕು ಎಂಬುದು ಅಲ್ಲಿನ ವಿಧಿಗಳ ಸಾರ. ಸಂಘಕ್ಕೆ ತನ್ನದೇ ಆದ ಒಳ ಆಡಳಿತ ಇರಬೇಕೆಂಬುದನ್ನು ಇದಕ್ಕಿಂತ ಗೌರವದಿಂದ ಒಪ್ಪಿದ ಹಳೆಯ ಕಾನೂನು ವಿರಳ.

ಆದರೆ ಅದೇ ಗ್ರಂಥ ಇನ್ನೊಂದೆಡೆ ಒಂದು ಗೆರೆಯನ್ನೂ ಎಳೆಯುತ್ತದೆ. ವರ್ತಕರು ಒಟ್ಟುಗೂಡಿ, ಕೈಕೆಲಸದವರಿಗೆ ತೊಂದರೆಯಾಗುವಂತೆ ಬೆಲೆಯನ್ನು ಏರಿಸಿದರೆ ಅಥವಾ ಇಳಿಸಿದರೆ, ಕೂಡಿಕೊಂಡು ಸರಕನ್ನು ತಡೆದು ಅನ್ಯಾಯದ ಬೆಲೆಗೆ ಕೊಂಡರೆ ಅಥವಾ ಮಾರಿದರೆ, ಅವರಿಗೆ ‘ಉತ್ತಮ ಸಾಹಸ’, ಅಂದರೆ ಅಂದಿನ ದಂಡಗಳಲ್ಲಿ ಅತಿ ಹೆಚ್ಚಿನದು, ಸಲ್ಲಬೇಕು. ಸಂಘ ಕಟ್ಟುವ ಹಕ್ಕು ಮತ್ತು ಸಂಘದ ಮೂಲಕ ಬೆಲೆ ಕಟ್ಟುವ ಅಪರಾಧ ಎರಡನ್ನೂ ಒಂದೇ ಕಾನೂನು ಬೇರೆಬೇರೆಯಾಗಿ ಗುರುತಿಸಿದ್ದು ಗಮನಾರ್ಹ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ಅವಕಾಶವಿರಲಿಲ್ಲ, ಒಂದರ ಭಯದಿಂದ ಇನ್ನೊಂದನ್ನು ನಿಷೇಧಿಸಿರಲೂ ಇಲ್ಲ.

ಏಡನ್‌ನಿಂದ ಮಂಗಳೂರಿಗೆ ಬಂದ ಎಚ್ಚರಿಕೆ

ಸದಸ್ಯರ ನಡುವಿನ ಮಾಹಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 12ನೆಯ ಶತಮಾನದ ಮಂಗಳೂರಿನಿಂದ ಒಂದು ಉದಾಹರಣೆ ದೊರೆಯುತ್ತದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಸುಮಾರು 17 ವರ್ಷ ಮಲಬಾರ್ ಮತ್ತು ತುಳುನಾಡಿನ ಕರಾವಳಿಯಲ್ಲಿ ನೆಲಸಿ ಮೆಣಸು, ಏಲಕ್ಕಿ ಮತ್ತು ಲೋಹದ ಸಾಮಾನುಗಳ ವ್ಯಾಪಾರ ಮಾಡಿದನು. ಅವನಿಗೆ ಬಂದ ಪತ್ರಗಳು ಕೈರೋ ನಗರದ ಹಳೆಯ ಸಿನಗಾಗ್ ಒಂದರ ಕಾಗದದ ಕೋಣೆಯಲ್ಲಿ, ಗೆನೀಜಾ ಎಂದು ಕರೆಯುವ ಸಂಗ್ರಹದಲ್ಲಿ, ಉಳಿದುಬಂದಿವೆ. ಮುಂಗಡ ಹಣ ಪಡೆದೂ ಏಲಕ್ಕಿ ಕೊಡದ ಸ್ಥಳೀಯ ವ್ಯಾಪಾರಿಯೊಬ್ಬನ ಬಗೆಗೆ ಏಡನ್‌ನ ವರ್ತಕನು ಬರೆದ ಪತ್ರದಲ್ಲಿ, ಬಾಕಿ ತೀರಿಸದವರನ್ನು ತಮ್ಮ ಊರಿನ ವರ್ತಕ ಸಮುದಾಯವು ಬಹಿರಂಗವಾಗಿ ಖಂಡಿಸುತ್ತದೆ ಎಂಬುದನ್ನು ಆ ವ್ಯಾಪಾರಿಗೆ ತಿಳಿಸುವಂತೆ ಬೆನ್ ಯಿಜುಗೆ ಸೂಚನೆಯಿದೆ. ಇಂತಹ ಪತ್ರಗಳನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್ ಅವರು, ಮಗ್ರಿಬಿ ವರ್ತಕರು, ಅಂದರೆ ಉತ್ತರ ಆಫ್ರಿಕ ಮೂಲದ ಯಹೂದಿ ವರ್ತಕರು, ಮೋಸ ಮಾಡಿದ ಪ್ರತಿನಿಧಿಯ ಸುದ್ದಿಯನ್ನು ತಮ್ಮೊಳಗೆ ಹಂಚಿಕೊಂಡು ಅವನಿಗೆ ಯಾರೂ ಕೆಲಸ ಕೊಡದಂತೆ ನೋಡಿಕೊಂಡದ್ದರಿಂದಲೇ ನ್ಯಾಯಾಲಯಗಳು ತಲುಪದ ದೂರಗಳಲ್ಲಿಯೂ ವ್ಯಾಪಾರ ಸಾಧ್ಯವಾಯಿತು ಎಂದು ವಾದಿಸಿದ್ದಾರೆ. ವ್ಯಾಪಾರದಲ್ಲಿ ಹೆಸರು ಬಂಡವಾಳವಾಗುವುದು ಆ ಹೆಸರಿನ ಬಗೆಗೆ ಮಾತಾಡಿಕೊಳ್ಳುವ ಸಮುದಾಯ ಇದ್ದಾಗ ಮಾತ್ರ.

ಇಂದಿನ ಕಾನೂನು ಎಳೆದ ಗೆರೆ

ಮೈಸೂರು ಸಂಸ್ಥಾನದಲ್ಲಿ ಆಧುನಿಕ ವರ್ತಕ ಸಂಘಟನೆಗೆ ಅಡಿಪಾಯ ಬಿದ್ದದ್ದು ಎಂ. ವಿಶ್ವೇಶ್ವರಯ್ಯ ಅವರ ಕಾಲದಲ್ಲಿ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನವೂ, ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯೂ ಹುಟ್ಟಿಕೊಂಡವು. ವರ್ತಕರ ಅಹವಾಲನ್ನು ಸರ್ಕಾರದ ಮುಂದಿಡುವುದು ಇಂತಹ ಮಂಡಳಿಗಳ ಬಹಿರಂಗ ಕೆಲಸ. ಪೇಟೆಯ ಸಂಘಗಳು ಇದರ ಜೊತೆಗೆ ಮೇಲೆ ಹೇಳಿದ ಒಳಗಿನ ಕೆಲಸವನ್ನೂ ಮಾಡಬೇಕಾಗಿರುವುದರಿಂದ, ಇಂದಿನ ಕಾನೂನು ಅವುಗಳಿಗೆ ಎಲ್ಲಿಯವರೆಗೆ ಅವಕಾಶ ಕೊಡುತ್ತದೆ ಎಂಬುದನ್ನು ತಿಳಿಯಬೇಕು.

ಬಾಕಿದಾರರ ಬಗೆಗಿನ ಎಚ್ಚರಿಕೆಗೆ ಕಾನೂನಿನಲ್ಲಿ ಅವಕಾಶವಿದೆ. ಮಾನಹಾನಿಯನ್ನು ಕುರಿತ ಹಳೆಯ ದಂಡ ಸಂಹಿತೆಯ 499ನೆಯ ಕಲಂ ಮತ್ತು ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಎರಡರಲ್ಲಿಯೂ, ತನ್ನ ಅಥವಾ ಇತರರ ಹಿತವನ್ನು ಕಾಪಾಡಲು ಸದ್ಭಾವದಿಂದ ಆಡಿದ ಮಾತಿಗೂ, ಕೇಳುವವನ ಒಳಿತಿಗಾಗಿ ಕೊಟ್ಟ ಎಚ್ಚರಿಕೆಗೂ ವಿನಾಯಿತಿ ಇದೆ. ಇಲ್ಲಿ ಸದ್ಭಾವವೆಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ, ತಕ್ಕ ಎಚ್ಚರ ಮತ್ತು ವಿಚಾರಣೆಯೂ ಹೌದು. ಆದ್ದರಿಂದ ಬಾಕಿಯ ಚೀಟಿಯನ್ನು ಮುಂದಿಟ್ಟು, ಬಾಕಿದಾರನ ಉತ್ತರವನ್ನು ಕೇಳಿ, ಸಂಬಂಧಪಟ್ಟ ಸದಸ್ಯರಿಗೆ ಮಾತ್ರ ತಿಳಿಸಿದ ಮಾತಿಗೆ ರಕ್ಷಣೆ ದೊರೆಯುವ ಸಾಧ್ಯತೆ ಹೆಚ್ಚು. ಕೇಳಿದ ಸುದ್ದಿಯನ್ನು ಪೇಟೆಯಲ್ಲಿ ಹರಡಿದವನಿಗೆ ಅದು ದೊರೆಯಲಾರದು.

ಬೆಲೆಯ ವಿಷಯದಲ್ಲಿ ಕಾನೂನು ಇಷ್ಟು ಉದಾರವಾಗಿಲ್ಲ. 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಂ, ಒಂದೇ ವ್ಯಾಪಾರದವರು ಒಪ್ಪಂದದಿಂದ ಬೆಲೆ ನಿಗದಿ ಮಾಡುವುದು, ಸರಬರಾಜನ್ನು ತಡೆಯುವುದು, ಮಾರುಕಟ್ಟೆಯನ್ನು ಹಂಚಿಕೊಳ್ಳುವುದು ಮತ್ತು ಟೆಂಡರಿನಲ್ಲಿ ಒಳಸಂಚು ಮಾಡುವುದನ್ನು ನಿಷೇಧಿಸುತ್ತದೆ. ಒಪ್ಪಂದ ಬರೆಹದಲ್ಲಿ ಇರಲೇಬೇಕೆಂದಿಲ್ಲ, ಸಂಘವೊಂದು ಕೈಗೊಂಡ ತೀರ್ಮಾನವೂ ಇದರ ವ್ಯಾಪ್ತಿಗೆ ಬರುತ್ತದೆ. 2012ರಲ್ಲಿ ಸ್ಪರ್ಧಾ ಆಯೋಗವು 11 ಸಿಮೆಂಟ್ ಕಂಪನಿಗಳ ಮೇಲೂ ಅವುಗಳ ಸಂಘದ ಮೇಲೂ ಒಟ್ಟು 6,000 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿದಾಗ, ಸಂಘದ ವೇದಿಕೆಯಲ್ಲಿ ಬೆಲೆಯ ಮಾಹಿತಿ ಹಂಚಿಕೆಯಾದದ್ದು ಪರಿಶೀಲನೆಯ ಮುಖ್ಯ ಅಂಶಗಳಲ್ಲಿ ಒಂದಾಗಿತ್ತು. 2015ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆ ಆದೇಶವನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು. 2016ರಲ್ಲಿ ಆಯೋಗ ಮತ್ತೆ ದಂಡ ವಿಧಿಸಿದ ಮೇಲೆ ವ್ಯಾಜ್ಯ ಮೇಲಿನ ನ್ಯಾಯಾಲಯಗಳಿಗೆ ಹೋಯಿತು. ಯಾಜ್ಞವಲ್ಕ್ಯ ಸ್ಮೃತಿ ಎಳೆದ ಗೆರೆಯನ್ನೇ ಇಂದಿನ ಕಾಯ್ದೆ ಮತ್ತೊಮ್ಮೆ ಎಳೆದಿದೆ.

ಕೃಷಿ ಮಾರುಕಟ್ಟೆಯಲ್ಲಿ ಈ ಗೆರೆಯ ಮಹತ್ವ ಇನ್ನೂ ಹೆಚ್ಚು. ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಜಾರಿಗೆ ಬಂದು, ಗೇಟಿನಲ್ಲಿಯೇ ಸರಕಿಗೆ ಲಾಟ್ ಸಂಖ್ಯೆ ಕೊಟ್ಟು, ಖರೀದಿದಾರರು ಗೊತ್ತುಪಡಿಸಿದ ವೇಳೆಯೊಳಗೆ ಗಣಕಯಂತ್ರದಲ್ಲಿ ದರ ನಮೂದಿಸುವ ಇ–ಟೆಂಡರ್ ಪದ್ಧತಿ ಹಂತಹಂತವಾಗಿ ವಿಸ್ತರಿಸಿತು. ಒಬ್ಬ ಖರೀದಿದಾರ ನಮೂದಿಸಿದ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ ಮತ್ತು ಅದನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೈತನಿಗಿರುತ್ತದೆ. ಇಲ್ಲಿ ಬಿಡಿ ವರ್ತಕನ ಗುಟ್ಟು ರೈತನಿಗೆ ಲಾಭ ತರುತ್ತದೆ, ಏಕೆಂದರೆ ಎದುರಾಳಿ ಎಷ್ಟು ಬರೆದಾನೋ ಎಂಬ ಅಳುಕು ಪ್ರತಿಯೊಬ್ಬನ ದರವನ್ನೂ ಮೇಲಕ್ಕೆ ತಳ್ಳುತ್ತದೆ. ಎಲ್ಲ ವರ್ತಕರು ಸೇರಿ ಇಟ್ಟುಕೊಂಡ ಗುಟ್ಟು ರೈತನಿಗೆ ನಷ್ಟ ತರುತ್ತದೆ, ಏಕೆಂದರೆ ಹಿಂದಿನ ಸಂಜೆಯ ಸಭೆಯಲ್ಲಿ ನಾಳಿನ ದರ ನಿಶ್ಚಯವಾಗಿದ್ದರೆ ಟೆಂಡರು ಬರಿಯ ಶಾಸ್ತ್ರವಾಗಿ ಉಳಿಯುತ್ತದೆ. ವರ್ತಕರ ಮುಚ್ಚಿದ ಸಭೆ ನ್ಯಾಯವೋ ಅನ್ಯಾಯವೋ ಎಂಬುದನ್ನು ಬಾಗಿಲು ಮುಚ್ಚಿತ್ತೇ ಎಂಬುದರಿಂದ ಅಳೆಯಲಾಗದು. ಅಲ್ಲಿ ಆಡಿದ ಮಾತು ಸಂದ ವ್ಯವಹಾರದ ಬಾಕಿಯನ್ನು ಕುರಿತದ್ದೋ, ನಾಳೆ ಬರಲಿರುವ ಸರಕಿನ ದರವನ್ನು ಕುರಿತದ್ದೋ ಎಂಬುದೇ ಅಳತೆಗೋಲು.

ಸಂಘಗಳು ಮಾಡಬೇಕಾದುದು

ನಾಲ್ಕು ಊರುಗಳ ವರ್ತಕ ಸಂಘಗಳಿಗೆ ಈ ಚರಿತ್ರೆಯಿಂದ ಮತ್ತು ಕಾನೂನಿನಿಂದ ಸ್ಪಷ್ಟವಾದ ಕೆಲವು ನಿಯಮಗಳು ದೊರೆಯುತ್ತವೆ. ಸದಸ್ಯರ ಸಭೆಯಲ್ಲಿ ಮುಂದಿನ ದಿನಗಳ ಖರೀದಿ ದರವನ್ನಾಗಲಿ, ಯಾವ ಲಾಟನ್ನು ಯಾರು ಬಿಡಬೇಕು ಎಂಬುದನ್ನಾಗಲಿ ಯಾರೂ ಎತ್ತಬಾರದು, ಎತ್ತಿದರೆ ಅಧ್ಯಕ್ಷರು ಅಲ್ಲಿಯೇ ತಡೆದು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬಾಕಿದಾರನ ಹೆಸರು ಸಭೆಗೆ ಬರುವ ಮೊದಲು ದಾಖಲೆ ಇರಬೇಕು, ಅವನಿಗೆ ಉತ್ತರಿಸಲು ಅವಕಾಶವಿರಬೇಕು, ಬಾಕಿ ತೀರಿದ ದಿನವೇ ಅವನ ಹೆಸರು ಪಟ್ಟಿಯಿಂದ ತೆಗೆಯಲ್ಪಡಬೇಕು. ಹೊಸದಾಗಿ ಲೈಸೆನ್ಸ್ ಪಡೆದ ಸಣ್ಣ ವರ್ತಕರಿಗೆ, ಅವರು ಯಾವ ಜಾತಿ ಅಥವಾ ಊರಿನವರಾದರೂ, ಸದಸ್ಯತ್ವ ದೊರೆಯಬೇಕು. ಏಕೆಂದರೆ ಹಳಬರು ಮಾತ್ರ ಉಳಿದ ಸಭೆಯಲ್ಲಿ ಮಾಹಿತಿಯು ಎಚ್ಚರಿಕೆಯಾಗದೆ ಹೊಸಬರನ್ನು ಹೊರಗಿಡುವ ಅಸ್ತ್ರವಾಗುತ್ತದೆ. ಒಂದೇ ಖರೀದಿದಾರ ಹಲವು ಪೇಟೆಗಳಲ್ಲಿ ಕೊಳ್ಳುವುದರಿಂದ ನಾಲ್ಕು ಊರುಗಳ ಸಂಘಗಳು ಬಾಕಿಯ ಮಾಹಿತಿಗಾಗಿ ಮಾತ್ರ ಪರಸ್ಪರ ಸಂಪರ್ಕ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಐನೂರ್ವರದೇ. ರೈತನನ್ನೋ ಹಮಾಲರನ್ನೋ ಮುಟ್ಟುವ ಯಾವ ತೀರ್ಮಾನವೂ, ಅದು ವಹಿವಾಟು ನಡೆಯದ ರಜೆಯ ದಿನವಾಗಿರಲಿ, ತೇವಾಂಶವನ್ನು ಪರೀಕ್ಷಿಸುವ ಕ್ರಮವಾಗಿರಲಿ, ಹಮಾಲಿಯ ದರದ ಬಗೆಗೆ ಸಮಿತಿಯ ಮುಂದಿಡುವ ಮನವಿಯಾಗಿರಲಿ, ನಡಾವಳಿ ಪುಸ್ತಕದಲ್ಲಿಯೇ ಉಳಿಯಬಾರದು. ದಿನಾಂಕ ಮತ್ತು ಸಹಿಯೊಂದಿಗೆ ಕನ್ನಡದಲ್ಲಿ, ಪ್ರಾಂಗಣದ ಗೇಟಿನ ಬಳಿಯ ಫಲಕದಲ್ಲಿ ಪ್ರಕಟವಾಗಬೇಕು. ಬಾಗಿಲು ಮುಚ್ಚುವ ಹಕ್ಕನ್ನು ಸಂಘಕ್ಕೆ ಕೊಡುವುದು ಈ ಪ್ರಕಟಣೆಯೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಸಂಘಗಳು ಬರುವ ಸುಗ್ಗಿಯ ಆವಕ ಆರಂಭವಾಗುವ ಮೊದಲೇ ತಮ್ಮ ಸಾಮಾನ್ಯ ಸಭೆಗಳಲ್ಲಿ ಈ ನಿಯಮಗಳನ್ನು ಅಂಗೀಕರಿಸಿ, ಅಂಗೀಕರಿಸಿದ ನಿಯಮಗಳನ್ನೇ ಆ ಫಲಕದ ಮೊದಲ ಪ್ರಕಟಣೆಯಾಗಿ ಹಾಕಬೇಕು. ಅದನ್ನು ಓದಿ, ಪ್ರಶ್ನಿಸುವುದು ಸರಕು ತರುವ ರೈತರ ಕರ್ತವ್ಯವಾಗಬೇಕು.